ಎರಡೇ ಹೆಜ್ಜೆ: ನಿಲ್ಟನ್ ಸ್ಯಾಂಟೋಸ್ ಕಥೆ

ಬ್ರೆಜಿಲ್ ಫುಟ್‌ಬಾಲ್ ಅಂದ್ರೆ ಪೆಲೆ. ಸ್ವಲ್ಪ ಜಾಸ್ತಿ ಓದಿಕೊಂಡವರಿಗೆ ಗರಿಂಚಾ. ಡಿಫೆಂಡರ್‌ಗಳ ಹೆಸರು ಯಾರಿಗೆ ನೆನಪಿರುತ್ತೆ ಹೇಳಿ? ಆದ್ರೆ ಗರಿಂಚಾ ಬೊಟಾಫೊಗೊ ಕ್ಲಬ್ ಸೇರಿದ್ದರಲ್ಲೇ ಒಬ್ಬ ಲೆಫ್ಟ್ ಬ್ಯಾಕ್‌ನ ಕೈವಾಡ ಇದೆ. 1953ರಲ್ಲಿ ಟ್ರಯಲ್ಸ್‌ಗೆ ಬಂದ ಈ ವಕ್ರಕಾಲಿನ ಹುಡುಗ, ಆಗಲೇ ರಾಷ್ಟ್ರೀಯ ತಂಡದಲ್ಲಿದ್ದ ನಿಲ್ಟನ್ ಸ್ಯಾಂಟೋಸ್‌ನ ಕಾಲುಗಳ ಮಧ್ಯೆಯೇ ಚೆಂಡು ತೂರಿಸಿಬಿಟ್ಟ. ಸ್ಯಾಂಟೋಸ್ ಸಿಟ್ಟಾಗಲಿಲ್ಲ. ಇವನನ್ನ ಮೊದಲು ನಮ್ಮ ಕಡೆ ಸೇರಿಸ್ಕೊಳ್ಳಿ ಅಂದನಂತೆ. ಎದುರಾಳಿ ತಂಡದಲ್ಲಿ ಇಂಥವನನ್ನ ತಡೆಯೋ ಕಷ್ಟ ಯಾರಿಗೆ ಬೇಕು!

1925ರಲ್ಲಿ ರಿಯೊದಲ್ಲಿ ಹುಟ್ಟಿದ ಸ್ಯಾಂಟೋಸ್ 1948ರಿಂದ 1964ರವರೆಗೆ ಆಡಿದ್ದು ಒಂದೇ ಕ್ಲಬ್ಬಿಗೆ, 700ಕ್ಕೂ ಹೆಚ್ಚು ಪಂದ್ಯ. ಆಟದ ಬಗ್ಗೆ ಇವನಿಗೆ ಗೊತ್ತಿಲ್ಲದ್ದೇ ಇಲ್ಲ ಅಂತ ಜನ ಇಟ್ಟ ಅಡ್ಡಹೆಸರು 'ಎನ್‌ಸೈಕ್ಲೊಪೀಡಿಯಾ'. 1950ರ ವಿಶ್ವಕಪ್‌ನಲ್ಲಿ ತಂಡದಲ್ಲಿದ್ದರೂ ಮೈದಾನಕ್ಕಿಳಿಯಲಿಲ್ಲ. 1954ರಲ್ಲಿ ಹಂಗೇರಿ ವಿರುದ್ಧ ಜಗಳವಾಡಿ ಹೊರಬಿದ್ದ. ಹೆಸರಲ್ಲಷ್ಟೇ ಸಂತ!

ಅವನು ನಿಜಕ್ಕೂ ಬದಲಾಯಿಸಿದ್ದು ಲೆಫ್ಟ್ ಬ್ಯಾಕ್ ಕೆಲಸವನ್ನ. ಆ ಕಾಲದಲ್ಲಿ ಬ್ಯಾಕ್ ಅಂದ್ರೆ ಹಿಂದೆ ನಿಂತು ವಿಂಗರ್‌ನನ್ನ ಕಾಯೋನು. 1958ರಲ್ಲಿ ಬ್ರೆಜಿಲ್ ನಾಲ್ವರನ್ನ ಹಿಂದೆ ನಿಲ್ಲಿಸ್ತು. ಒಬ್ಬ ಮುಂದೆ ಹೋದ್ರೂ ಇನ್ನೂ ಮೂವರು ಉಳೀತಾರೆ. ಎಡಗಡೆ ಜಗಾಲೊ ಬೇರೆ ಹಿಂದೆ ಬಂದು ಜಾಗ ತುಂಬ್ತಿದ್ದ. ಆಸ್ಟ್ರಿಯಾ ವಿರುದ್ಧ ಸ್ಯಾಂಟೋಸ್ ಚೆಂಡು ತಗೊಂಡು ಮುಂದೆ ಹೊರಟಾಗ ಕೋಚ್ ಫಿಯೋಲಾ 'ವಾಪಸ್ ಬಾ' ಅಂತ ಕೂಗ್ತಾನೇ ಇದ್ದನಂತೆ. ಅಷ್ಟರಲ್ಲಿ ಗೋಲ್ ಆಗಿತ್ತು. ಇವತ್ತಿನ ಓಡೋ ಫುಲ್‌ಬ್ಯಾಕ್‌ಗಳೆಲ್ಲ ಇದೇ ವಂಶದವರು.

ಇನ್ನು ಆ ಎರಡು ಹೆಜ್ಜೆ. 1962, ಚಿಲಿಯ ವಿನ್ಯಾ ದೆಲ್ ಮಾರ್. ಗಾಯಗೊಂಡ ಪೆಲೆ ಇಲ್ಲ, ಸ್ಪೇನ್ 1-0 ಮುಂದೆ, ಸೋತ್ರೆ ಮನೆಗೆ ಹೋಗೋ ಅಪಾಯ. 37ರ ಸ್ಯಾಂಟೋಸ್ ಪೆನಾಲ್ಟಿ ಬಾಕ್ಸ್ ಒಳಗೇ ಸ್ಪೇನ್ ಆಟಗಾರನನ್ನ ಬೀಳಿಸಿದ. ವಾದ ಮಾಡಲಿಲ್ಲ, ರೆಫರಿ ಹತ್ತಿರ ಬರೋದ್ರೊಳಗೆ ಏನೂ ಆಗದವನ ಹಾಗೆ ಗೆರೆಯಿಂದಾಚೆ ಹೋಗಿ ನಿಂತ. ರೆಫರಿ ಕೊಟ್ಟಿದ್ದು ಬರೀ ಫ್ರೀ ಕಿಕ್.

ಬುದ್ಧಿವಂತಿಕೆ ಅಂತ ಬ್ರೆಜಿಲ್‌ನವರು ಇವತ್ತಿಗೂ ನಗ್ತಾ ಹೇಳ್ತಾರೆ. ನನ್ನ ಕೇಳಿದ್ರೆ ಅದು ಮೋಸವೇ; ವಿಎಆರ್ ಇದ್ದಿದ್ರೆ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳ್ತಿದ್ದ. ಪೆಲೆ ಜಾಗಕ್ಕೆ ಬಂದಿದ್ದ ಅಮರಿಲ್ಡೊ ಆಮೇಲೆ ಎರಡು ಗೋಲ್ ಹೊಡೆದ. ಸ್ಪೇನ್ ಮನೆಗೆ ಹೋಯ್ತು. ಹನ್ನೊಂದು ದಿನ ಕಳೆದು ಸ್ಯಾಂಟೋಸ್ ಎರಡನೇ ಸಲ ವಿಶ್ವಕಪ್ ಗೆದ್ದ.