ಚರಂಡಿ ನೀರಿನ ಹಸಿರು ಹುಲ್ಲು: ಹಸುವಿಗೆ ಮೇವೋ, ವಿಷವೋ?



ಕಳೆದ ಬೇಸಿಗೆಯ ಒಂದು ಬೆಳಗ್ಗೆ ಸತ್ತೇಗಾಲದ ಕಡೆಯಿಂದ ಕರೆ ಬಂತು. ಹೋಗಿ ನೋಡಿದರೆ ಎರಡನೇ ಸೂಲಿನ ಮಿಶ್ರತಳಿ ಹಸು ಏದುಸಿರು ಬಿಡುತ್ತಾ ತೂರಾಡುತ್ತಿತ್ತು. ವಸಡು ನೀಲಿಗಟ್ಟಿತ್ತು, ರಕ್ತ ಕಡುಕಂದು ಬಣ್ಣಕ್ಕೆ ತಿರುಗಿತ್ತು. "ಹೊಸದೇನೂ ಹಾಕಿಲ್ಲ ಸಾರ್, ಹಿತ್ತಲ ಹುಲ್ಲೇ" ಎಂದರು ಮನೆಯವರು. ಹಿತ್ತಲಲ್ಲಿ ನೇಪಿಯರ್ ಆಳೆತ್ತರ ಬೆಳೆದಿತ್ತು. ಅದರ ಬುಡಕ್ಕೆ ಬೀದಿಯ ಚರಂಡಿಯನ್ನೇ ತಿರುಗಿಸಿದ್ದರು.

ಅದು ನೈಟ್ರೇಟ್ ವಿಷ. ಕೊಳಚೆ ನೀರಿನಲ್ಲಿ ಸಾರಜನಕ ಹೆಚ್ಚು. ಹುಲ್ಲು ಅದನ್ನು ಹೀರಿ ಕಾಂಡದ ಬುಡದಲ್ಲಿ ಕೂಡಿಡುತ್ತದೆ. ಹಸುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ, ರಕ್ತ ಆಮ್ಲಜನಕ ಹೊರಲಾರದು. ಮೆಥಿಲೀನ್ ಬ್ಲೂ ಚುಚ್ಚುಮದ್ದಿನಿಂದ ಆ ಹಸು ಉಳಿಯಿತು. ಆದರೆ ಅದರ ಹಾಲನ್ನು ಕೆಲವು ದಿನ ಡೇರಿಗೆ ಹಾಕುವಂತಿರಲಿಲ್ಲ. ಗಬ್ಬದ ಹಸುವಾಗಿದ್ದರೆ ಕಂದು ಹಾಕುವ ಅಪಾಯವೂ ಇತ್ತು.

"ಕೋಲಾರದಲ್ಲಿ ಕೊಳಚೆ ನೀರಲ್ಲೇ ಕೆರೆ ತುಂಬಿಸ್ತಾರಲ್ಲ ಸಾರ್?" ಎಂದು ನನ್ನನ್ನು ಕೇಳಿದವರಿದ್ದಾರೆ. ನಿಜ. ನಮ್ಮೂರ ಹತ್ತಿರದ ಶಿವ ಅಣೆಕಟ್ಟೆಯಿಂದ ಕಾವೇರಿ ನೀರು ತೊರೆಕಾಡನಹಳ್ಳಿ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಆದರೆ ಅದು ಎರಡು ಹಂತ ಶುದ್ಧಿಯಾದ ನೀರು, ಅಂತರ್ಜಲ ಮರುಪೂರಣಕ್ಕೆ ಬಿಟ್ಟದ್ದು. ನಿಮ್ಮ ಹಿತ್ತಲಿಗೆ ಬರುವುದು ಒಂದು ಹಂತವೂ ದಾಟದ ನೀರು.

ಶುದ್ಧೀಕರಣ ಘಟಕದ ಕೆಲಸ ನಿಮಗೆ ಅಪರಿಚಿತವಲ್ಲ. ಮೊದಲು ಕಸ ಸೋಸಿ, ಕೆಸರು ಕೆಳಗಿಳಿಯಲು ಬಿಡುತ್ತಾರೆ. ಆಮೇಲೆ ಗಾಳಿ ಊದಿ ಸೂಕ್ಷ್ಮಾಣುಗಳನ್ನು ಬೆಳೆಸಿ, ಕೊಳೆಯನ್ನು ಅವುಗಳಿಂದಲೇ ತಿನ್ನಿಸುತ್ತಾರೆ. ಹಸುವಿನ ಹೊಟ್ಟೆಯಲ್ಲಿ ಹುಲ್ಲನ್ನು ಅರಗಿಸುವುದೂ ಸೂಕ್ಷ್ಮಾಣುಗಳೇ. ಅವುಗಳಿಗೆ ಗಾಳಿ ಬೇಡ, ಇವುಗಳಿಗೆ ಬೇಕು.

ಇನ್ನೊಂದು ಮಾತು. ಕೆಟ್ಟ ಹಾಲನ್ನು ಚರಂಡಿಗೆ ಚೆಲ್ಲಬೇಡಿ. ಒಂದು ಲೀಟರ್ ಹಾಲು ಕೊಳೆಯುವಾಗ ನೀರಿನಿಂದ ಎಳೆಯುವ ಆಮ್ಲಜನಕ, ಸುಮಾರು 300ರಿಂದ 500 ಲೀಟರ್ ಮನೆಗೊಳಚೆ ಎಳೆಯುವಷ್ಟು. ನಮ್ಮ ಚರಂಡಿಗಳ ಹರಿವು ಕೊನೆಗೆ ಸೇರುವುದು ಕಾವೇರಿಯನ್ನೇ.

ನೀವು ಮಾಡಬಹುದಾದದ್ದು:

• ಮನೆಯ ಬಚ್ಚಲು ನೀರಿಗೆ ಕಲ್ಲು ತುಂಬಿದ ಇಂಗುಗುಂಡಿ ಮಾಡಿಸಿ. ನೆರವು ಸಿಗುವುದೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಬಾವಿ, ಬೋರ್‌ವೆಲ್‌ನಿಂದ ದೂರವಿರಲಿ. ಶೌಚಾಲಯದ ನೀರು ಇದಕ್ಕೆ ಸೇರಬಾರದು.

• ಚರಂಡಿ ನೀರಿನಲ್ಲಿ ಬೆಳೆದ ಹುಲ್ಲನ್ನು ಹಾಕಬೇಡಿ. ಬೇರೆ ಹುಲ್ಲಾದರೂ ಬರಗಾಲದಲ್ಲಿ ಬಾಡಿದ್ದರೆ ಬುಡದ ಅರ್ಧ ಅಡಿ ಬಿಟ್ಟು ಕೊಯ್ದು, ರಾಗಿ ಹುಲ್ಲಿನ ಜೊತೆ ಬೆರೆಸಿ ಕೊಡಿ. ಹಸಿದ ಹಸುವಿಗೆ ಒಮ್ಮೆಲೇ ಹಾಕಬೇಡಿ.

• ಮೋರಿ ನೀರು ಕುಡಿಯಲು ಬಿಡಬೇಡಿ, ಅದರಲ್ಲಿ ಕೆಚ್ಚಲು ತೊಳೆಯಬೇಡಿ. ಹಸು ಕೊಡುವ ಪ್ರತಿ ಲೀಟರ್ ಹಾಲಿಗೆ 4ರಿಂದ 5 ಲೀಟರ್ ಶುದ್ಧ ನೀರು ಬೇಕು.

ಹಸು ಏದುಸಿರು ಬಿಟ್ಟರೆ ಮನೆಮದ್ದಿಗೆ ಕಾಯಬೇಡಿ, ಕೂಡಲೇ ಕರೆ ಮಾಡಿ. ಈ ವಿಷಕ್ಕೆ ಒಂದೆರಡು ಗಂಟೆಯೂ ಸಾಕು.

– ಪಶುವೈದ್ಯಾಧಿಕಾರಿ