ಹಲ್ಲುಜ್ಜೋದಕ್ಕೂ ಹೊತ್ತು ಗೊತ್ತು ಬೇಕೆ?

"ಅಯ್ಯೋ, ಹಲ್ಲುಜ್ಜೋದಕ್ಕೂ ಹೊತ್ತು ಗೊತ್ತು ನೋಡಬೇಕೆ?" ಎಂದು ನೀವು ನಗಬಹುದು. ನಗಿ, ಆ ನಗು ಚೆನ್ನಾಗಿರಲೆಂದೇ ಈ ನಾಲ್ಕು ಮಾತು.

ಹೊಳವನಹಳ್ಳಿಯಂಥ ಊರಿನ ಒಂದು ಬೆಳಗನ್ನು ನೆನೆದುಕೊಳ್ಳಿ. ತಿಂಡಿಗೆ ನಿಂಬೆಹಣ್ಣಿನ ಚಿತ್ರಾನ್ನ. ಮಗ ತಿಂದು ಏಳುತ್ತಲೇ ತಾಯಿ, "ಬಾಯೆಲ್ಲ ಹುಳಿ, ಇನ್ನೊಂದು ಸಲ ಹಲ್ಲುಜ್ಜಿಕೊಂಡು ಸ್ಕೂಲಿಗೆ ಹೋಗು" ಎಂದು ಬಚ್ಚಲಿಗೆ ಅಟ್ಟುತ್ತಾಳೆ. ಅವಳ ಕಾಳಜಿ ಸರಿ, ಹೊತ್ತು ಮಾತ್ರ ತಪ್ಪು.

ಏಕೆ ತಪ್ಪು?

ಹಲ್ಲಿನ ಮೇಲಿನ ಹೊಳೆಯುವ ಹೊದಿಕೆಗೆ ಎನಾಮಲ್ ಎಂದು ಹೆಸರು. ನಮ್ಮ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಆದರೂ ಇದಕ್ಕೊಂದು ಕೊರತೆಯುಂಟು. ಗಾಯ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಸವೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ನಿಂಬೆ, ಹುಣಿಸೆ, ಮಾವಿನಕಾಯಿ, ಬಾಟಲಿ ಸೋಡಾ ಇವುಗಳ ಹುಳಿ ತಾಗಿದಾಗ ಎನಾಮಲ್ಲಿನ ಮೇಲ್ಪದರ ಕೆಲವು ಹೊತ್ತು ಮೆತ್ತಗಾಗುತ್ತದೆ. ಹಸಿ ಸಾರಣೆಯ ಮೇಲೆ ಪೊರಕೆ ಆಡಿಸಿದರೆ ಏನಾದೀತು? ಸಾರಣೆಯೇ ಕಿತ್ತುಬರುತ್ತದೆ. ಇಲ್ಲೂ ಹಾಗೆಯೇ. ಬಾಯಿಯ ಜೊಲ್ಲೇ ಹುಳಿಯನ್ನು ತೊಳೆದು, ತನ್ನಲ್ಲಿರುವ ಸುಣ್ಣದ ಅಂಶದಿಂದ ಆ ಪದರವನ್ನು ಮತ್ತೆ ಗಟ್ಟಿ ಮಾಡುತ್ತದೆ. ಅದಕ್ಕೆ ಅರ್ಧದಿಂದ ಒಂದು ಗಂಟೆ ಬಿಡುವು ಕೊಡಿ.

ಹಾಗಾದರೆ ಯಾವಾಗ?

ಬೆಳಿಗ್ಗೆ ತಿಂಡಿಗೆ ಮುಂಚೆ. "ಮುಖ ತೊಳೆಯದೆ ಕಾಫಿ ಇಲ್ಲ" ಎಂದು ಗದರುತ್ತಿದ್ದ ಅಜ್ಜಿಯ ಮಾತೇ ಸರಿ. ಹುಳಿ ತಿಂದ ಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ಬಾಯಿ ಮುಕ್ಕಳಿಸಿದರೆ ಸಾಕು.

ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಇದನ್ನು ತಪ್ಪಿಸಲೇಬಾರದು. ಮುದ್ದೆಗೆ ಹುಳಿಸಾರು ಮಾಡಿದ್ದೀರಾ? ಊಟವಾದ ಮೇಲೆ ಬಾಯಿ ಮುಕ್ಕಳಿಸಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ಬನ್ನಿ. ಅಷ್ಟರಲ್ಲಿ ಹೊತ್ತು ಸರಿಹೋಗಿರುತ್ತದೆ. ಮೆದು ಬ್ರಷ್ಷಿನಲ್ಲಿ, ಹಗುರ ಕೈಯಲ್ಲಿ, ಎರಡು ನಿಮಿಷ ಉಜ್ಜಿ.

ಬಸುರಿಯರಿಗೊಂದು ಮಾತು: ವಾಂತಿಯಾದ ಕೂಡಲೇ ಬ್ರಷ್ ಹಿಡಿಯಬೇಡಿ. ಹೊಟ್ಟೆಯಿಂದ ಬಂದ ಹುಳಿ ಬಲು ತೀಕ್ಷ್ಣ. ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಬೆರೆಸಿ, ಮುಕ್ಕಳಿಸಿ ಉಗಿಯಿರಿ.

ಕಂದು ಕಲೆ ಕೊಳೆಯಲ್ಲ

ನಮ್ಮ ಸೀಮೆಯಲ್ಲಿ ಮಕ್ಕಳ ಹಲ್ಲನ್ನು ಹೊತ್ತಿಲ್ಲದ ಹೊತ್ತಿನಲ್ಲಿ ತಿಕ್ಕಿಸಲು ಇನ್ನೊಂದು ಕಾರಣವೂ ಉಂಟು. ಅದು ಹಲ್ಲಿನ ಮೇಲಿನ ಕಂದು ಕಲೆ. "ಸೋಮಾರಿ, ಸರಿಯಾಗಿ ಉಜ್ಜೋದಿಲ್ಲ" ಎಂಬ ಬೈಗುಳದ ಜೊತೆಗೆ ಇದ್ದಿಲು, ಉಪ್ಪು, ಇಟ್ಟಿಗೆಪುಡಿಯ ಪ್ರಯೋಗ. ಕಲೆ ಹೋಗುವುದಿಲ್ಲ, ಎನಾಮಲ್ ಹೋಗುತ್ತದೆ.

ಪಾವಗಡ, ಮಧುಗಿರಿ, ಶಿರಾ ಕಡೆಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನೆಲದಡಿಯ ಕಲ್ಲಿನಿಂದ ಅದು ನೀರಿಗೆ ಇಳಿಯುತ್ತದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ಮಿಲಿಗ್ರಾಂ ಮೀರಬಾರದು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಸುಮಾರು 8 ವರ್ಷದವರೆಗೆ ಇಂಥ ನೀರು ಕುಡಿದ ಮಕ್ಕಳ ಎನಾಮಲ್ಲಿನಲ್ಲೇ ಕಲೆ ಕೂತುಬಿಡುತ್ತದೆ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ನಿಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. 3 ವರ್ಷ ದಾಟಿದ ಮಗುವಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ನುಂಗದೆ ಉಗಿಯುವುದನ್ನು ಕಲಿಸಿ. ನಿಮ್ಮ ಊರಿನ ನೀರಿಗೆ ಯಾವ ಪೇಸ್ಟ್ ಸರಿ ಎಂದು ದಂತವೈದ್ಯರನ್ನು ಕೇಳಿ. ಕಲೆ ಮಸುಕಾಗಿಸುವ ಚಿಕಿತ್ಸೆಯೂ ಅವರಲ್ಲಿದೆ.

ಹೆಣ್ಣು ನೋಡಲು ಬಂದವರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿಯುವ ಹುಡುಗಿಯರು ನಮ್ಮ ಕಡೆ ಇದ್ದಾರೆ. ಅವಳೇನೂ ಸೋಮಾರಿಯಲ್ಲ, ಅದು ಕುಡಿದ ನೀರಿನ ಕಲೆ. ಈ ಮಾತನ್ನು ಅವಳಿಗೆ ಮೊದಲು ಹೇಳಬೇಕಾದವರು ತಾಯಂದಿರಾದ ನಾವೇ ಅಲ್ಲವೆ?