ಹೋಸ್ಟ್ಸ್ ಫೈಲ್ ಹಾಕಿದ್ರೆ ನೆಟ್ ಫಾಸ್ಟ್ ಆಗ್ತದಾ?

ದಸರಾ ರಜೆ ಮುಗಿಸಿ ಬೀದರಿಗೆ ವಾಪಸ್ ಬಂದಾಗ ನಮ್ಮ ರೂಮಿನಲ್ಲಿ ಒಂದು ವಾದ ಶುರುವಾಯ್ತು. ಔರಾದಿನ ಗೆಳೆಯ ತನ್ನ ಹಳೇ ಲ್ಯಾಪ್‌ಟಾಪಿಗೆ ಜಾಹೀರಾತು ತಡೆಯುವ ಹೋಸ್ಟ್ಸ್ ಫೈಲ್ ಹಾಕಿಕೊಂಡು ಬಂದಿದ್ದ. ಊರಲ್ಲಿ ಅವನಿಗೆ ಮೊಬೈಲ್ ಹಾಟ್‌ಸ್ಪಾಟೇ ಗತಿ. "ಈಗ ಪೇಜು ಲಗೂನ ತೆರಿತಾವ" ಅಂದ. ಭಾಲ್ಕಿಯವನು ಒಪ್ಪಲಿಲ್ಲ. "ಲಕ್ಷ ಸಾಲು ಓದಿ ಓದಿ ಸಿಸ್ಟಮ್ಮೇ ಸ್ಲೋ ಆಗ್ತದ ನೋಡು" ಅಂದ. ಹುಡುಕಿ ನೋಡಿದಾಗ ಇಬ್ಬರ ಮಾತೂ ಅರ್ಧರ್ಧ ನಿಜ ಅಂತ ಗೊತ್ತಾಯ್ತು.

ಮೊದಲು ಹೋಸ್ಟ್ಸ್ ಫೈಲ್ ಅಂದ್ರೆ ಏನು ನೋಡೋಣ. ವೆಬ್‌ಸೈಟಿನ ಹೆಸರು ಟೈಪ್ ಮಾಡಿದಾಗ ಕಂಪ್ಯೂಟರಿಗೆ ಅದರ ಐಪಿ ಅಡ್ರೆಸ್ ಬೇಕು. 1983ರಲ್ಲಿ ಡಿಎನ್‌ಎಸ್ ಬರುವ ಮುಂಚೆ ಎಲ್ಲ ಕಂಪ್ಯೂಟರುಗಳ ಹೆಸರು, ಅಡ್ರೆಸ್ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಆ ಪದ್ಧತಿ ಇನ್ನೂ ಹೋಗಿಲ್ಲ. ಇವತ್ತಿಗೂ ಸಿಸ್ಟಮ್ ಸಾಮಾನ್ಯವಾಗಿ ಮೊದಲು ತನ್ನ ಹೋಸ್ಟ್ಸ್ ಫೈಲ್ ನೋಡುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಜಾಹೀರಾತು ಸರ್ವರಿನ ಹೆಸರಿನ ಮುಂದೆ 0.0.0.0 ಅಂತ ಬರೆದುಬಿಟ್ಟರೆ ಆ ಕೋರಿಕೆ ಜಾಹೀರಾತು ಸರ್ವರಿಗೆ ಹೋಗುವುದಿಲ್ಲ.

ಈಗ ಲೆಕ್ಕ. ಒಂದು ಲಕ್ಷ ಸಾಲು, ಸಾಲಿಗೆ 30 ಅಕ್ಷರ ಅಂದ್ರೂ ಫೈಲ್ ಸುಮಾರು 3 ಎಂಬಿ. ಅಷ್ಟನ್ನು ಮೆಮೊರಿಯಲ್ಲಿ ಹುಡುಕಲು ಕೆಲವು ಮಿಲಿಸೆಕೆಂಡ್ ಸಾಕು. ಒಮ್ಮೆ ಸಿಕ್ಕ ಅಡ್ರೆಸ್ಸನ್ನು ಬ್ರೌಸರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ ಕೂಡ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಓದೋಕೆ ಎಷ್ಟು ಹೊತ್ತು ಬೇಕು? ತಡ ಆಗೋದು ಬಸ್ಸು ದಾರಿಯಲ್ಲಿ ಹತ್ತು ಕಡೆ ನಿಂತಾಗ. ಜಾಹೀರಾತುಗಳು ಆ ಹತ್ತು ಸ್ಟಾಪ್ ಇದ್ದಂತೆ: ಪ್ರತಿಯೊಂದಕ್ಕೂ ಬೇರೆ ಸರ್ವರ್, ಬೇರೆ ಕನೆಕ್ಷನ್, ಬೇರೆ ಸ್ಕ್ರಿಪ್ಟ್. ಅವು ತಪ್ಪಿದರೆ ಸಮಯವೂ ಉಳೀತು, ಡೇಟಾವೂ ಉಳೀತು. ನೆಟ್ ನಿಧಾನ ಇದ್ದಷ್ಟೂ ಲಾಭ ಜಾಸ್ತಿ. ಹಾಗಂತ ನೆಟ್ಟಿನ ಸ್ಪೀಡ್ ಹೆಚ್ಚಾಗಲ್ಲ, ಹೊರೆ ಕಮ್ಮಿಯಾಗುತ್ತದೆ ಅಷ್ಟೆ. ಜಾಹೀರಾತೇ ಇಲ್ಲದ ಪೇಜಿನಲ್ಲಿ ವ್ಯತ್ಯಾಸ ಕಾಣೋದಿಲ್ಲ.

ಭಾಲ್ಕಿಯವನ ಮಾತು ನಿಜ ಆಗೋದು ವಿಂಡೋಸಿನಲ್ಲಿ. ಅಲ್ಲಿನ ಡಿಎನ್‌ಎಸ್ ಕ್ಲೈಂಟ್ ಸರ್ವಿಸ್ ತುಂಬಾ ದೊಡ್ಡ ಹೋಸ್ಟ್ಸ್ ಫೈಲನ್ನು ಸರಿಯಾಗಿ ನಿಭಾಯಿಸಲ್ಲ. ಹಳೇ ಲ್ಯಾಪ್‌ಟಾಪಿನಲ್ಲಿ ಸಿಪಿಯು ಏರಿ ಸಿಸ್ಟಮ್ ತಡವರಿಸಬಹುದು. ಚಿಕ್ಕ ಪಟ್ಟಿ ಬಳಸಿದರೆ ಆಯ್ತು. ಇನ್ನೊಂದು ಮಾತು: ಹಳೇ ಪಟ್ಟಿಗಳಲ್ಲಿ 127.0.0.1 ಇರುತ್ತದೆ. ಅದು ನಮ್ಮದೇ ಕಂಪ್ಯೂಟರ್. ವೆಬ್ ಲ್ಯಾಬಿಗೆ ಅಂತ ಲೋಕಲ್ ಸರ್ವರ್ ಓಡಿಸ್ತಾ ಇದ್ರೆ ಜಾಹೀರಾತಿನ ಕೋರಿಕೆಗಳೆಲ್ಲ ಅದರ ಬಾಗಿಲು ಬಡಿಯುತ್ತವೆ. 0.0.0.0 ಇರೋ ಪಟ್ಟಿಯೇ ಒಳ್ಳೇದು.

ನಮಗೆ ನಿಜವಾದ ಪೆಟ್ಟು ಬಿದ್ದದ್ದು ಸ್ಪೀಡಿನಿಂದ ಅಲ್ಲ. ಔರಾದಿನವನಿಗೆ ಇಂಟರ್ನ್‌ಶಿಪ್ ಅರ್ಜಿಯ ಮೇಲ್ ಬಂದಿತ್ತು, ಅವತ್ತೇ ಕೊನೇ ದಿನ. ಲಿಂಕ್ ಒತ್ತಿದರೆ ಪೇಜ್ ತೆರೀಲಿಲ್ಲ. ಒಂದು ತಾಸು ನೆಟ್‌ವರ್ಕನ್ನೇ ಬೈದ್ವಿ. ಕೊನೆಗೆ ಮೊಬೈಲಿನಲ್ಲಿ ಒತ್ತಿದರೆ ಥಟ್ ಅಂತ ತೆರೀತು! ಆ ಲಿಂಕು ಎಷ್ಟು ಜನ ಒತ್ತಿದರು ಅಂತ ಎಣಿಸುವ ಒಂದು ಸರ್ವರ್ ಮೂಲಕ ಹೋಗುತ್ತಿತ್ತು, ಅದರ ಹೆಸರು ನಮ್ಮ ಪಟ್ಟಿಯಲ್ಲಿತ್ತು. ಆ ಸಾಲಿನ ಮುಂದೆ # ಹಾಕಿದ್ವಿ, ಸರಿಹೋಯ್ತು. ಅರ್ಜಿ ರಾತ್ರಿ ಹನ್ನೊಂದೂವರೆಗೆ ಹೋಯ್ತು.

ನೀವೂ ಹಾಕೋದಾದ್ರೆ ಮೊದಲು ಹಳೇ ಫೈಲಿನ ಕಾಪಿ ಇಟ್ಟುಕೊಳ್ಳಿ. ಆಮೇಲೆ ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ಕ್ಯಾಶ್ ಆಫ್ ಮಾಡಿ, ಒಂದೇ ಸುದ್ದಿ ಪೇಜನ್ನು ಫೈಲ್ ಇದ್ದಾಗ ಐದು ಸಲ, ಇಲ್ಲದಾಗ ಐದು ಸಲ ತೆರೆದು ನೋಡಿ. ಎಷ್ಟು ಕೋರಿಕೆ, ಎಷ್ಟು ಎಂಬಿ, ಎಷ್ಟು ಸೆಕೆಂಡ್ ಬರೆದಿಟ್ಟುಕೊಳ್ಳಿ. ಮುಖ್ಯವಾದ ಲಿಂಕು ತೆರೀದಿದ್ರೆ ನೆಟ್‌ವರ್ಕನ್ನು ಬೈಯೋ ಮುಂಚೆ ನಿಮ್ಮ ಪಟ್ಟಿ ಒಮ್ಮೆ ನೋಡಿ. ನಾವು ಕಲಿತದ್ದು ಇಷ್ಟೇ.